ಬಾಯ್ಲರಿನ ನಲ್ಲಿ

ಆನೇಮಹಲ್ ಬಳಿಯ ಒಂದು ಎಸ್ಟೇಟ್ ಹೋಂಸ್ಟೇಯಲ್ಲಿ ಕಾಫಿಗೆ ಇಳಿದೆವು. ಅಂಗಳದ ಹುಲ್ಲಿನ ಮೇಲೆ ಬಾಯ್ಲರ್ ಸಮೇತ ಹಳೆಯ ಹಬೆ ಎಂಜಿನ್ ನಿಲ್ಲಿಸಿದ್ದಾರೆ. ಮೊದಲು ಯಾವುದೋ ಕಲ್ಲಿದ್ದಲು ಗಣಿಯಲ್ಲಿ ನೀರೆತ್ತುತ್ತಿತ್ತಂತೆ. ಆಮೇಲೆ ಇಲ್ಲಿಗೆ ಬಂದು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸಿತಂತೆ. ಈಗ ಫೋಟೋ ತೆಗೆಸಿಕೊಳ್ಳುವವರಿಗಾಗಿ ಅದಕ್ಕೆ ಕೆಂಪು ಬಣ್ಣ ಬಳಿದಿದ್ದಾರೆ. ನನಗಂತೂ ಆ ಬಣ್ಣ ಹಿಡಿಸಲಿಲ್ಲ.

ಅಂಗಳ ಗುಡಿಸುತ್ತಿದ್ದ ದೇವಮ್ಮ ನನ್ನನ್ನು ನೋಡಿ ಹತ್ತಿರ ಬಂದರು. ಮದುವೆಯಾದಾಗಿನಿಂದ ಇದೇ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿ ಇರುವವರು.

"ಸಂಜೆ ಪಲ್ಪರ್ ನಿಂತ್ಮೇಲೆ ಬಾಯ್ಲರ್‌ನಾಗೆ ಬಿಸಿನೀರು ಉಳಿಯೋದು ಕಣ್ರೀ. ಲೈನಿನೋರೆಲ್ಲ ಬಿಂದಿಗೆ ಹಿಡ್ಕಂಡು ಸಾಲಾಗಿ ನಿಲ್ತಿದ್ವಿ. ಬಾಣಂತಿ ಮನೆಗೆ ಮೊದ್ಲು ಬುಡೋರು."

"ನಿಮಗೂ ಸಿಕ್ಕಿತ್ತಾ?"

"ನನ್ ಮಗಳು ಹುಟ್ದಾಗ ದಿನಾ ನಮ್ದೇ ಮೊದ್ಲು. ಮಗೀನ ಮೈಯೆಲ್ಲ ತುಕ್ಕಿನ ವಾಸ್ನೆ," ಎಂದು ನಕ್ಕರು.

ಆ ನೀರು ಬಿಡುತ್ತಿದ್ದ ಬಾಯ್ಲರಿನ ನಲ್ಲಿ ಈಗಲೂ ತಿರುಗುತ್ತದೆಯೇ ಎಂದು ಕೇಳಿದೆ. ದೇವಮ್ಮ ಪೊರಕೆ ಕೆಳಗಿಟ್ಟು ಎಂಜಿನ್ ಬಳಿ ಹೋದರು. ಅದರ ಬೆಂಕಿ ಆರಿ ಎಷ್ಟೋ ಕಾಲವಾಗಿದೆ. ಆದರೂ ನಲ್ಲಿಗೆ ಕೈ ಹಾಕುವ ಮೊದಲು ಅವರು ಸೆರಗನ್ನು ಅಂಗೈಗೆ ದಪ್ಪಗೆ ಸುತ್ತಿಕೊಂಡರು.