ಬೆಳಗಿನ ಆರು ಗಂಟೆಯ ಗಿರಾಕಿಗಳು

ನಾನು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಗಣಿತ ಕಲಿಸುವವನು. ಧಾರವಾಡದ ಒಂದು ಕೋಚಿಂಗ್ ಸೆಂಟರಿನಲ್ಲಿ ಹದಿಮೂರು ವರ್ಷ ಕಲಿಸಿದೆ. ಕೋಷ್ಟಕ ನೋಡಿ ಅರ್ಥ ಹೇಳುವ ಪಾಠ ನನ್ನದೇ. "ಅಂಕಿ ಸುಳ್ಳ ಹೇಳಂಗಿಲ್ಲ, ನೋಡಾವರ ಕಣ್ಣ ಸುಳ್ಳ ಹೇಳತಾವು" ಎಂದು ದಿನಕ್ಕೆ ನಾಲ್ಕು ಸಲ ಗದರುತ್ತಿದ್ದೆ. ಹಾಗೆ ಗದರಿದವನೇ ಮೂರು ತಿಂಗಳು ಕಣ್ಣಿದ್ದೂ ಕುರುಡನಾಗಿ ಕೂತಿದ್ದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಊರಿಗೆಲ್ಲ ಶಕುನ ನುಡಿಯುವ ಹಲ್ಲಿ ತಾನೇ ಬಾನಿಯಲ್ಲಿ ಬಿದ್ದಿತ್ತಂತೆ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮಾಲೀಕರೊಂದಿಗೆ ಮಾತಿಗೆ ಮಾತು ಬೆಳೆದ ದಿನವೇ ಕೆಲಸ ಬಿಟ್ಟೆ. ಬಾಡಿಗೆ ಕಡಿಮೆ ಎಂದು ಹುಬ್ಬಳ್ಳಿಯ ಅಂಚಿನ ಗಬ್ಬೂರಿಗೆ ಮನೆ ಬದಲಿಸಿದೆವು. ಮೊಬೈಲಿನಲ್ಲೇ ಬರೆಯಬಹುದಾದ ಐವತ್ತು ಮಾದರಿ ಪರೀಕ್ಷೆಗಳನ್ನು ತಯಾರಿಸಿ ಆನ್‌ಲೈನಿನಲ್ಲಿ ಮಾರಾಟಕ್ಕೆ ಇಟ್ಟೆ. ಇಟ್ಟರಾಯಿತೇ, ಜನಕ್ಕೆ ಗೊತ್ತಾಗಬೇಡವೇ? ಅದಕ್ಕೆ ಜಾಹೀರಾತು. ಯಾರಾದರೂ ಪಿಎಸ್‌ಐ ಮಾದರಿ ಪರೀಕ್ಷೆ ಎಂದು ಹುಡುಕಿದರೆ ಎಲ್ಲಕ್ಕಿಂತ ಮೇಲೆ ನನ್ನ ಹೆಸರು ಬರುತ್ತದೆ. ಅದನ್ನು ಒತ್ತಿದರೆ ಜಾಹೀರಾತು ತೋರಿಸುವ ಕಂಪನಿಗೆ ನಾನು ಎಂಟು ರೂಪಾಯಿ ಕೊಡಬೇಕು. ಕೊಂಡರೂ ಎಂಟು, ಸುಮ್ಮನೆ ನೋಡಿ ಹೋದರೂ ಎಂಟು. ಒಂದು ಮಾರಾಟದಲ್ಲಿ ನನಗೆ ಉಳಿಯುತ್ತಿದ್ದದ್ದು ಇನ್ನೂರು. ಅಂದರೆ ಇಪ್ಪತ್ತೈದು ಜನ ಬಂದರೆ ಅವರಲ್ಲಿ ಒಬ್ಬರಾದರೂ ಕೊಳ್ಳಲೇಬೇಕು. ಏಳನೆಯ ಇಯತ್ತೆಯ ಲೆಕ್ಕ.

ಮನೆ ನಡೆಯುತ್ತಿದ್ದದ್ದು ಹೆಂಡತಿಯ ಸಂಬಳದಲ್ಲಿ. ಅವಳು ಖಾಸಗಿ ಶಾಲೆಯಲ್ಲಿ ಶಿಕ್ಷಕಿ. ಅವಳೇ ಗಡುವು ಹಾಕಿದಳು.

"ದಸರಾ ತನಕಾ ನೋಡೂಣ್ರಿ. ಅಷ್ಟರಾಗ ಜಾಹೀರಾತು ತನ್ನ ಹೊಟ್ಟಿ ತಾನ ಹೊರಕೊಂಡ್ರ ಸರಿ. ಇಲ್ಲಾಂದ್ರ ಬಂದ್ ಮಾಡಿ ಮತ್ತ ಅಲ್ಲೇ ಹೋಗ್ರಿ."

ಅಲ್ಲೇ ಎಂದರೆ ಹಳೆಯ ಮಾಲೀಕರ ಹತ್ತಿರ. ದೇಶಪಾಂಡೆ ನಗರದಲ್ಲಿ ಅವರು ಹೊಸ ಶಾಖೆ ತೆರೆದಿದ್ದರು. ಮೊದಲಿಗಿಂತ ಕಡಿಮೆ ಸಂಬಳ, ಜೊತೆಗೆ ಎಲ್ಲ ಮಾಸ್ತರರ ಎದುರು ತಪ್ಪಾಯಿತು ಎನ್ನಬೇಕು. ಹಾಗಂತ ಹೇಳಿ ಕಳಿಸಿದ್ದರು.

ಮೂರು ತಿಂಗಳ ಲೆಕ್ಕ ನೋಡಿದರೆ ಅರವತ್ತು ಜನ ಬಂದರೆ ಒಬ್ಬರು ಕೊಳ್ಳುತ್ತಿದ್ದರು. ಜಾಹೀರಾತಿನ ಮಾತು ಬದಲಿಸಿದೆ, ಪುಟದ ಬಣ್ಣ ಬದಲಿಸಿದೆ. ಏನು ಮಾಡಿದರೂ ಅರವತ್ತಕ್ಕೆ ಒಬ್ಬರೇ. ಒಂದೇ ಒಂದು ಸಂಗತಿ ನನ್ನನ್ನು ಹುರಿದುಂಬಿಸುತ್ತಿತ್ತು. ಬರುವವರಲ್ಲಿ ಮುಕ್ಕಾಲು ಪಾಲು ಜನ ಬೆಳಿಗ್ಗೆ ಆರಕ್ಕೆ ಬರುತ್ತಿದ್ದರು. ವಿಜಯಪುರ, ಗದಗ, ರಾಯಚೂರು, ಬಳ್ಳಾರಿ, ಎಲ್ಲ ಕಡೆಯಿಂದ. ಭೇಷ್, ಎದ್ದ ಕೂಡಲೇ ಓದಿಗೆ ಕೂರುವ ಮಕ್ಕಳು, ಇವತ್ತಲ್ಲ ನಾಳೆ ಕೊಂಡೇ ಕೊಳ್ಳುತ್ತಾರೆ ಎಂದುಕೊಂಡು ದಿನದ ಜಾಹೀರಾತಿನ ದುಡ್ಡಿನ ಹೆಚ್ಚಿನ ಪಾಲನ್ನು ಆ ಹೊತ್ತಿಗೇ ತೆಗೆದಿಟ್ಟೆ. ಅವರು ಕೊಳ್ಳಲಿಲ್ಲ. ದಸರಾ ಬಂತು.

ಮಧ್ಯಾಹ್ನದೊಳಗೆ ದೇಶಪಾಂಡೆ ನಗರಕ್ಕೆ ಹೋಗಿ ಒಪ್ಪಿಗೆ ಹೇಳಬೇಕಿದ್ದ ಸೋಮವಾರ, ಸ್ಕೂಟರಿನ ಹಿಂದಿನ ಗಾಲಿ ಪಂಕ್ಚರ್ ಆಗಿತ್ತು. ತಳ್ಳಿಕೊಂಡು ಬೈಪಾಸ್ ಹತ್ತಿರದ ಗ್ಯಾರೇಜಿಗೆ ಹೋದೆ. ಆ ಮೆಕ್ಯಾನಿಕ್ ಚಾಚಾನ ಮಗಳು ನನ್ನ ಹಳೆಯ ವಿದ್ಯಾರ್ಥಿನಿ, ಈಗ ವಿಜಯಪುರದಲ್ಲಿ ಪೊಲೀಸ್ ಕಾನ್‌ಸ್ಟೇಬಲ್. ಚಾಚಾ ಟ್ಯೂಬ್ ಹೊರಗೆಳೆದು ನೀರಿನಲ್ಲಿ ಅದ್ದಿದವನು ಏನೋ ನೆನಪಾದವನಂತೆ ಎದ್ದು, ಅರಿವೆಗೆ ಕೈ ಒರೆಸಿಕೊಂಡು ಫೋನು ತೆಗೆದ.

"ಒಂದ ನಿಮಿಷ ತಡೀರಿ ಸರ. ಇವತ್ತ ಮುಂಜಾನಿ ನಿಮ್ಮ ಕೆಲಸಾನ ಮರತಬಿಟ್ಟೇನಿ."

ಫೋನನ್ನು ಬಾಯಿಯ ಹತ್ತಿರ ಹಿಡಿದು "ಪಿಎಸ್‌ಐ ಮಾದರಿ ಪರೀಕ್ಷೆ" ಎಂದ. ಎಲ್ಲಕ್ಕಿಂತ ಮೇಲೆ ನನ್ನ ಹೆಸರು ಬಂತು. ಗ್ರೀಸ್ ಮೆತ್ತಿದ ಬೆರಳಿನಿಂದ ಒತ್ತಿದ. ಪುಟ ತೆರೆಯುವುದನ್ನೂ ಕಾಯದೆ ಫೋನನ್ನು ಕಿಸೆಗೆ ಇಳಿಬಿಟ್ಟ.

"ಆತ ನೋಡ್ರಿ. ನಿಮ್ಮ ಖಾತೆಕ್ಕ ಬಿತ್ತು."

"ಏನ ಬಿತ್ತು ಚಾಚಾ?"

"ರೊಕ್ಕರಿ ಸರ. ದಿನಾ ಒತ್ತತೇನಿ. ಮಗಳು ಹೇಳ್ಯಾಳ, ಅಪ್ಪಾ ಒಂದ ದಿನಾನೂ ತಪ್ಪಸಬ್ಯಾಡ, ಸರ್ ನೌಕರಿ ಬಿಟ್ಟಾರ ಅಂತ. ಅಕಿ ಒತ್ತತಾಳ, ಅಕಿ ಗೆಳತ್ಯಾರು ಒತ್ತತಾರ. ನಿಮ್ಮ ಹಳೇ ಹುಡುಗರ ಗ್ರೂಪ್ ಐತೆಲ್ರಿ, ನೂರ ಮಂದಿ ಮ್ಯಾಲ ಅದಾರಂತ."

ಅಲ್ಲೇ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕೂತುಬಿಟ್ಟೆ. ಒಂದೇ ಫೋನಿನಿಂದ ಪದೇ ಪದೇ ಒತ್ತಿದರೆ ಕಂಪನಿಯವರು ಹಿಡಿಯುತ್ತಾರಂತೆ. ನೂರು ಊರಿನ ನೂರು ಫೋನುಗಳಿಂದ ದಿನಕ್ಕೊಂದೇ ಸಲ ಒತ್ತಿದರೆ ಯಾರು ಹಿಡಿಯುತ್ತಾರೆ? ಅವರೆಲ್ಲ ಪರೀಕ್ಷೆ ಪಾಸಾಗಿ ನೌಕರಿ ಸೇರಿದವರು. ನನ್ನ ಮಾದರಿ ಪರೀಕ್ಷೆ ಕೊಳ್ಳುವ ದರ್ದು ಯಾರಿಗಿತ್ತು?

ಚಾಚಾನೇ ಮಗಳಿಗೆ ಫೋನು ಹಚ್ಚಿ, ವಿಷಯ ತಿಳಿಸಿ, ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದ. ಅವಳ ದನಿಯಲ್ಲಿ ಸಂಭ್ರಮವೋ ಸಂಭ್ರಮ.

"ಗೊತ್ತಾತೇನ್ರಿ ಸರ? ನಿಮಗ ಹೇಳಬಾರದು ಅಂತ ಮಾಡಿದ್ವಿ, ಹೇಳಿದ್ರ ನೀವು ಬ್ಯಾಡಂತೀರಿ. ಆರಕ್ಕ ಸರಿಯಾಗಿ ಒತ್ತತೇವ್ರಿ, ನೀವು ನಮ್ಮನ್ನ ಎಬ್ಬಸ್ತಿದ್ದ ಹೊತ್ತಿಗೆ."

"ಯಾರ ಹೇಳಿದ್ರವಾ ನಿಮಗ ಹಿಂಗ ಮಾಡ್ರಿ ಅಂತ?" ನನ್ನ ದನಿ ಏರಿತ್ತು.

"ನೀವ ಹೇಳಿದ್ದಿರೆಲ್ರಿ ಸರ!"

ಹೌದು, ನಾನೇ ಹೇಳಿದ್ದೆ. ಲಾಕ್‌ಡೌನಿನಲ್ಲಿ ಸೆಂಟರ್ ಮುಚ್ಚಿ ವಿಡಿಯೋದಲ್ಲಿ ಪಾಠ ಮಾಡುತ್ತಿದ್ದಾಗ, ಕೊನೆಗೆ ದಿನಾಲೂ ಹೇಳುತ್ತಿದ್ದೆ: ನಡುವೆ ಜಾಹೀರಾತು ಬಂದ್ರ ದಾಟಿಸಿ ಹೋಗಬ್ಯಾಡ್ರಿ, ಒತ್ತರಿ, ನೀವು ಒತ್ತಿದ್ರ ನಮ್ಮ ಒಲಿ ಉರೀತದ. ಆರಕ್ಕೆ ಏಳಿ ಎಂದವನೂ ನಾನೇ. ನಾನು ಕಲಿಸಿದ ಎರಡು ಪಾಠಗಳನ್ನು ಕೂಡಿಸಿ ಅವರು ನನಗೇ ಒಪ್ಪಿಸುತ್ತಿದ್ದರು.

"ಅವು ಬ್ಯಾರೇದವರ ಜಾಹೀರಾತು ಇದ್ವು ತಂಗಿ, ಅದಕ್ಕ ನನಗ ರೊಕ್ಕ ಬರ್ತಿತ್ತು" ಎಂದೆ. "ಇದು ನನ್ನ ಜಾಹೀರಾತು. ನೀವು ಒತ್ತಿದ್ರ ನಾ ಕೊಡಬೇಕು."

ಚಾಚಾ ಫೋನು ಹಿಡಿದುಕೊಂಡು ನೆಲ ನೋಡುತ್ತಿದ್ದ. ಆ ಕಡೆಯಿಂದ ಅವಳು ಕೇಳಿದಳು.

"ನಾವ ನಿಮ್ಮನ್ನ ಮುಳುಗಿಸಿಬಿಟ್ವೇನ್ರಿ ಸರ? ಎಷ್ಟ ಹೋತ್ರಿ?"

ಎಷ್ಟು ಎಂಬುದು ನನಗೆ ಪೈಸೆಯ ತನಕ ಗೊತ್ತಿತ್ತು. "ಭಾಳ ಇಲ್ಲವಾ" ಎಂದೆ. "ನಾಳಿಂದ ಒತ್ತಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳು, ಅಷ್ಟ ಸಾಕು."

ಚಾಚಾ ಗಾಲಿ ಜೋಡಿಸಿದ. ನನ್ನಿಂದ ಅವನು ಎಂದೂ ಪಂಕ್ಚರಿನ ದುಡ್ಡು ತೆಗೆದುಕೊಂಡವನಲ್ಲ. ಆ ದಿನ ತಾನೇ ಹತ್ತು ರೂಪಾಯಿಯ ನೋಟನ್ನು ನನ್ನ ಮುಂದೆ ಚಾಚಿ, "ಇವತ್ತಿನ ರೊಕ್ಕಾನಾದ್ರೂ ತಗೋರಿ ಸರ, ನಿಮ್ಮ ಕಣ್ಣ ಮುಂದ ಒತ್ತೇನಿ" ಎಂದ. "ಕಿಸೇದಾಗ ಇಡ್ರಿ ಅದನ್ನ!" ಎಂದು ರೇಗಿಬಿಟ್ಟೆ. ನನಗೆ ಅಳು ಬಂದರೂ ಅದು ಸಿಟ್ಟಾಗಿಯೇ ಹೊರಬೀಳುತ್ತದೆ.

ಅಲ್ಲೇ ಟೈರಿನ ಮೇಲೆ ಕೂತು, ಬೆಳಗಿನ ಆರು ಗಂಟೆಯವರನ್ನು ಬೇರೆ ತೆಗೆದು, ಉಳಿದವರ ಲೆಕ್ಕ ಹಾಕಿದೆ. ಹದಿನಾಲ್ಕು ಜನರಲ್ಲಿ ಒಬ್ಬರು ಕೊಳ್ಳುತ್ತಿದ್ದರು. ನಂಬಿಕೆ ಬರಲಿಲ್ಲ, ಮತ್ತೊಮ್ಮೆ ಮಾಡಿದೆ. ಹದಿನಾಲ್ಕಕ್ಕೆ ಒಬ್ಬರೇ. ಹದಿನಾಲ್ಕು ಎಂಟಲೆ ನೂರಾ ಹನ್ನೆರಡು ಹೋದರೂ ಪ್ರತಿ ಮಾರಾಟಕ್ಕೆ ಎಂಬತ್ತೆಂಟು ಕೈಯಲ್ಲಿ ಉಳಿಯುತ್ತಿತ್ತು. ಮೊದಲ ದಿನದಿಂದಲೂ ನನ್ನ ಸರಕು ಓಡುತ್ತಿತ್ತು. ಇನ್ನೆರಡು ತಾಸಿನಲ್ಲಿ ನಾನು ಅದನ್ನು ಕೊಂದು, ಎಲ್ಲರೆದುರು ಕೈಮುಗಿದು ನಿಲ್ಲುವವನಿದ್ದೆ! ಸ್ಕೂಟರನ್ನು ದೇಶಪಾಂಡೆ ನಗರದ ಕಡೆಗಲ್ಲ, ಮನೆಯ ಕಡೆಗೆ ತಿರುಗಿಸಿದೆ.

ಹೆಂಡತಿ ಲೆಕ್ಕವನ್ನು ತಾನೂ ಒಮ್ಮೆ ಮಾಡಿ ನೋಡಿದಳು. "ಹಂಗಾರ ಉಳೀತದ. ನಡಸ್ರಿ" ಎಂದಳು.

ಮರುದಿನ ಬೆಳಿಗ್ಗೆ ಆರಕ್ಕೆ ಫೋನು ಹಿಡಿದು ಕೂತೆ. ಆರು ಹತ್ತಾಯಿತು, ಆರೂವರೆಯಾಯಿತು. ಒಬ್ಬರೂ ಬರಲಿಲ್ಲ. ವಿಜಯಪುರವಿಲ್ಲ, ಗದಗವಿಲ್ಲ, ರಾಯಚೂರಿಲ್ಲ. ಚಹಾ ತಂದಿಟ್ಟ ಹೆಂಡತಿ ಬಗ್ಗಿ ನೋಡಿ ಹೇಳಿದಳು.

"ಸೊನ್ನಿ. ಛಲೋ ಆತಲ್ರಿ, ಒಂದ ರೂಪಾಯಿನೂ ಹೋಗಿಲ್ಲ. ಮತ್ತ್ಯಾಕ ಹಿಂಗ ಕೂತೀರಿ?"

ನೂರು ಮನೆಗಳಲ್ಲಿ ಅವರು ಎದ್ದಿದ್ದಾರೆ, ಫೋನು ಪಕ್ಕದಲ್ಲೇ ಇದೆ, ಒತ್ತದೆ ಸುಮ್ಮನೆ ಕೂತಿದ್ದಾರೆ ಎಂದು ನನಗೆ ಗೊತ್ತಿತ್ತು. ನಾನು ಹೇಳಿದ್ದನ್ನು ಅವರು ಯಾವತ್ತೂ ಮೀರಿದವರಲ್ಲ.