ನೊರೆ ಚೌತಿ

ತೆಂಗಿನೆಣ್ಣೆ ಕಾಯುತ್ತಿರುವ ಬಾಣಲೆಗೆ ಬೇರೊಂದು ಎಣ್ಣೆಯನ್ನು ಹೊಯ್ದು ಕರಿಯತೊಡಗಿದರೆ ಒಂದು ಸದ್ದು ಏಳುತ್ತದೆ. ಮೊದಲು ಮಳಲಿನ ಮೇಲಿಂದ ತೆರೆ ಹಿಂದೆ ಸರಿಯುವಂಥ ಸಣ್ಣ ಸುಯ್ಯಾಟ, ಮರುಕ್ಷಣ ಹಾಲು ಉಕ್ಕುವಾಗಿನ ಉಸಿರು. ಕಳೆದ ಆಷಾಢದಲ್ಲಿ ಹೊನ್ನಾವರದ ಬಸ್ ನಿಲ್ದಾಣದ ಹೊರಗೆ ಭಟ್ಕಳದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬಜ್ಜಿ ಕರಿಯುವವನೊಬ್ಬ ಬೇರೆ ಎಣ್ಣೆಯ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ತಗ್ಗಿದ ತೆಂಗಿನೆಣ್ಣೆಗೆ ಸುರಿದು ಹಿಟ್ಟು ಬಿಟ್ಟ. ಬಿಳಿಯ ನೊರೆ ಬಾಣಲೆಯ ಕಂಠದವರೆಗೆ ಏರಿತು. ಅವನು ಬೈಯುತ್ತ ಉರಿ ತಗ್ಗಿಸಿದ, ಸುತ್ತ ನಿಂತವರು ನಕ್ಕರು. ನಾನು ಬಜ್ಜಿ ಕೊಳ್ಳದೆ, ಬಂದ ಬಸ್ಸನ್ನೂ ಹತ್ತದೆ, ಅಲ್ಲಿಯೇ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟೆ. ಅರುವತ್ತು ವರ್ಷಗಳ ಹಿಂದೆ ಅಂಥದೇ ನೊರೆಯೊಂದು ನನ್ನ ತಾಯಿಯ ಬಾಳಿನ ಮೇಲೆ ಉಕ್ಕಿ ಹರಿದಿತ್ತು.

ನಮ್ಮ ಮನೆ ಕುಮಟೆಯ ಪೇಟೆಗೂ ಸಮುದ್ರಕ್ಕೂ ನಡುವೆ ಇತ್ತು. ಇತ್ತು ಎಂದೇ ಬರೆಯಬೇಕು. ಈಗ ಆ ಜಾಗದಲ್ಲಿ ಕಾರು ತೊಳೆಯುತ್ತಾರೆ. ಆ ಮನೆಯ ಅಡುಗೆಮನೆ ದೊಡ್ಡತ್ತೆಯದು, ಎಂದರೆ ಅಪ್ಪನ ಅಕ್ಕನದು. ಗಂಡ ತೀರಿದ ಮೇಲೆ ತವರಿಗೆ ಮರಳಿದ ಆಕೆ ಒಲೆಯ ಎದುರಿನ ಮಣೆಯನ್ನು ಸಿಂಹಾಸನದಂತೆ ಕಾಯ್ದುಕೊಂಡಿದ್ದಳು. ಅಲ್ಲಿ ಕರಿಯುವುದಕ್ಕೆ ತೆಂಗಿನೆಣ್ಣೆಯಲ್ಲದೆ ಬೇರೆ ಎಣ್ಣೆಗೆ ಪ್ರವೇಶವಿರಲಿಲ್ಲ. ಅಂಗಳದಲ್ಲಿ ಕಾಗೆ ಮುಟ್ಟದಂತೆ ಕಾದು ಒಣಗಿಸಿದ ಕೊಬ್ಬರಿ ಗಾಣಕ್ಕೆ ಹೋಗಿ ಎಣ್ಣೆಯಾಗಿ ಬರುತ್ತಿತ್ತು. ಅದು ಕಾದಾಗ ಮೊದಲು ಎಳೆಮಗುವಿನ ನೆತ್ತಿಯಂಥ ಕಂಪು, ಹಪ್ಪಳ ಅರಳುವ ಹೊತ್ತಿಗೆ ಹಾಲು ಸೀದಂಥ ಸಿಹಿಗಮಟು. ಹಲಸಿನಕಾಯಿಯ ಚಿಪ್ಸು ಅದರಲ್ಲಿ ಕರಿದರೆ ಕಾಯಿಯ ರುಚಿಗಿಂತ ಒಂದು ಹೆಜ್ಜೆ ಮುಂದೆ ಎಣ್ಣೆಯ ರುಚಿ ನಡೆದು ಬರುತ್ತಿತ್ತು. ಒಳ್ಳೆಯದನ್ನು ಒಳ್ಳೆಯದೆಂದೇ ಹೇಳುತ್ತೇನೆ. ನನ್ನ ಸಿಟ್ಟು ಎಣ್ಣೆಯ ಮೇಲಲ್ಲ.

ನನ್ನ ತಾಯಿಯನ್ನು ನಾನು ಆಯಿ ಎನ್ನುತ್ತಿದ್ದೆ. ಆಕೆ ನಮ್ಮವರದೇ ಮಗಳಾದರೂ ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯಲ್ಲಿ. ಅಲ್ಲಿ ಅಜ್ಜ ಖಾನಾವಳಿ ನಡೆಸುತ್ತಿದ್ದ. ಆಕೆಯ ಬಾಲ್ಯವೆಲ್ಲ ಶೇಂಗಾ ಎಣ್ಣೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವ ವಾಸನೆಯಲ್ಲಿ ಕಳೆದಿತ್ತು. ಹುರಿದ ಸಿಪ್ಪೆಯ, ಬಿಸಿಲುಂಡ ಮಣ್ಣಿನ ವಾಸನೆ ಅದು. ಸೀರೆಯ ಸೆರಗಿಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡುವುದಿಲ್ಲ. "ತೆಂಗಿನೆಣ್ಣೆ ನಾಲಿಗೆ ಮೇಲೇ ಮಾತಾಡಿ ಮುಗಿಸ್ತು ಕೂಸೆ. ಶೇಂಗಾ ಎಣ್ಣೆ ಗಂಟಲಿಗೆ ಇಳಿದಮೇಲೆ ಮಾತಿಗೆ ಶುರು ಮಾಡ್ತು," ಎಂದು ಆಕೆ ಒಮ್ಮೆ ಹಿತ್ತಿಲಲ್ಲಿ, ಯಾರೂ ಇಲ್ಲದಾಗ, ನನಗೆ ಹೇಳಿದ್ದಳು. ಬಾವಿಕಟ್ಟೆಯ ಬಳಿ ನಿಂತು ಗಾಳಿ ಮೂಸಿ, ಯಾವ ಮನೆಯಲ್ಲಿ ಹೊಸ ಎಣ್ಣೆ, ಯಾವ ಮನೆಯಲ್ಲಿ ನಿನ್ನೆ ಕರಿದುಳಿದ ಎಣ್ಣೆ, ಯಾರು ಎಳ್ಳೆಣ್ಣೆಯನ್ನು ಅತಿಯಾಗಿ ಕಾಯಿಸಿ ಕಹಿ ಏಳಿಸಿದ್ದಾರೆ ಎಂಬುದನ್ನು ಆಕೆ ತಪ್ಪಿಲ್ಲದೆ ಹೇಳಬಲ್ಲವಳಾಗಿದ್ದಳು. ಆ ಮೂಗನ್ನು ನಮ್ಮ ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ.

ಪ್ರತಿ ಶ್ರಾವಣದಲ್ಲಿ ಅಜ್ಜ ಲಾರಿಯವರ ಕೈಯಲ್ಲಿ ಒಂದು ಡಬ್ಬಿ ಶೇಂಗಾ ಎಣ್ಣೆ ಕಳಿಸುತ್ತಿದ್ದ. ದೊಡ್ಡತ್ತೆ ಅದನ್ನು ಒಂದು ವರ್ಷವೂ ಒಲೆಯ ಬಳಿ ತರಲಿಲ್ಲ. ಬಾವಿಯ ರಾಟೆಗೆ ಹಾಕಿಸಿದಳು, ಕೊಟ್ಟಿಗೆಯ ದೀಪಕ್ಕೆ ಹಾಕಿಸಿದಳು, ತಲೆಬಾಗಿಲಿನ ಬಿಜಾಗರಿಗೆ ಹಾಕಿಸಿದಳು. ಬಂದವರೆದುರು ಬಾಗಿಲನ್ನು ಆಚೀಚೆ ಆಡಿಸಿ ತೋರಿಸುತ್ತಿದ್ದಳು. "ನೋಡಿ, ಸದ್ದೇ ಇಲ್ಲೆ. ಹುಬ್ಳಿ ಎಣ್ಣೆ ಬಿಜಾಗರಿಗೆ ಲಾಯ್ಕಿದ್ದು." ಮಿರ್ಜಾನದಿಂದ ಬಂದಿದ್ದ ನೆಂಟರೊಬ್ಬರು ಎಲೆಯಡಿಕೆ ಉಗುಳುವಷ್ಟು ನಕ್ಕರು. ಆಯಿ ಅವರಿಗೆ ಚಹಾ ಕೊಡುತ್ತಿದ್ದಳು. ಅವರು ಕುಡಿದಿಟ್ಟ ಕಪ್ಪುಬಸಿಯನ್ನು ಎತ್ತಿಕೊಂಡು ಒಳಗೆ ನಡೆದಳು. ನನಗೆ ಆಗ ಎಂಟು ವರ್ಷ. ಆ ನೆಂಟರ ಮುಖ, ಅವರ ಕೋಟಿನ ಎರಡನೆಯ ಗುಂಡಿ ಇರದಿದ್ದದ್ದು, ಎಲ್ಲವೂ ಈಗಲೂ ನನ್ನ ಕಣ್ಣೆದುರಿಗಿದೆ.

ಚೌತಿಗೆ ನಾಲ್ಕು ದಿನವಿರುವಾಗ ಚಕ್ಕುಲಿ ಕಂಬಳ. ಕೇರಿಯವರೆಲ್ಲ ಒಂದು ಮನೆಯಲ್ಲಿ ಕೂಡಿ, ಚಕ್ಕುಲಿ ಒತ್ತುವ ಒರಳಿನ ಹಂಗಿಲ್ಲದೆ ಹಿಟ್ಟನ್ನು ಬೆರಳಲ್ಲೇ ಹೊಸೆದು ಸುತ್ತಿ ಬಾಳೆಲೆಯ ಮೇಲೆ ಬಿಡುವುದು, ಆ ಮನೆಯದು ಮುಗಿದರೆ ಮರುದಿನ ಇನ್ನೊಂದು ಮನೆ. ಸುತ್ತುವವರು ಹಲವರು, ಬಾಣಲೆಯೆದುರು ಕೂರುವವಳು ಒಬ್ಬಳೇ. ಆ ಮಣೆ ಮನೆಯ ಹಿರಿತನದ ಗುರುತು. ಆ ವರ್ಷ ದೊಡ್ಡತ್ತೆಯ ಬಲಗೈಗೆ ಉಗುರುಸುತ್ತಾಗಿತ್ತು. ಬೇರೆ ದಾರಿಯಿಲ್ಲದೆ, ಮದುವೆಯಾಗಿ ಒಂಬತ್ತನೆಯ ವರ್ಷದಲ್ಲಿ, ಆಯಿಗೆ ಆ ಮಣೆ ಸಿಕ್ಕಿತು. ಬೆಳಿಗ್ಗೆ ಮಿಂದು, ಮದುವೆಯ ಹಸಿರು ಸೀರೆಯುಟ್ಟು ಆಕೆ ಕುಳಿತ ಬಗೆಯನ್ನು ನಾನು ಹೇಗೆ ವರ್ಣಿಸಲಿ? ಪಕ್ಕದ ಮನೆಯ ಗಣಪಣ್ಣ ನನ್ನ ಸೊಟ್ಟ ಚಕ್ಕುಲಿಯನ್ನು ಎತ್ತಿ ಹಿಡಿದು, "ಇದೆಂತದೇ ಕೂಸೆ, ಘಟ್ಟದ ತಿರುವು ಕಂಡಂಗೆ ಇದ್ದು! ನಿನ್ನ ಆಯಿ ಹುಬ್ಳಿಯಿಂದ ಇದೇ ದಾರಿಯಾಗಿ ಬಂತಾ?" ಎಂದಾಗ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವಳು ಆಯಿ. ಆಕೆ ಅಷ್ಟು ಗಟ್ಟಿಯಾಗಿ ನಗಬಲ್ಲಳೆಂದು ನನಗೆ ತಿಳಿದದ್ದೇ ಅಂದು.

ಮಧ್ಯಾಹ್ನದ ಹೊತ್ತಿಗೆ ಬಾಣಲೆಯ ಎಣ್ಣೆ ತಗ್ಗಿತು. "ಕೂಸೆ, ಒಂದು ಗಿಂಡಿ ಎಣ್ಣೆ ತಾ," ಎಂದಳು ಆಯಿ. ಉಗ್ರಾಣದಲ್ಲಿ ತೆಂಗಿನೆಣ್ಣೆಯ ಭರಣಿಯೂ ಅಜ್ಜನ ಡಬ್ಬಿಯೂ ಅಕ್ಕಪಕ್ಕದಲ್ಲಿದ್ದವು. ನನಗೆ ಯಾವ ಗೊಂದಲವೂ ಆಗಲಿಲ್ಲ. ನಾನು ಅಜ್ಜನ ಡಬ್ಬಿಯಿಂದಲೇ ತುಂಬಿದೆ, ಬೇಕೆಂದೇ ತುಂಬಿದೆ. ಬಿಜಾಗರಿಯ ಎಣ್ಣೆಯಲ್ಲಿ ಕರಿದ ಚಕ್ಕುಲಿಯನ್ನು ಎಲ್ಲರೂ ತಿಂದು ಬೆರಳು ಚೀಪಬೇಕು, ಆಮೇಲೆ ನಾನು ಎದ್ದು ನಿಂತು ಅದು ಯಾವ ಎಣ್ಣೆ ಎಂದು ಸಾರಬೇಕು ಎಂಬುದು ನನ್ನ ಹವಣಿಕೆ. ದೇವರಿಗೆ ಇಡುವ ಮೊದಲು ಏನನ್ನೂ ಮೂಸಬಾರದೆಂಬ ಕಟ್ಟಳೆಯಿತ್ತು. ಆಯಿ ಗಿಂಡಿಯನ್ನು ಮೂಗಿನ ಬಳಿಗೆ ತರಲಿಲ್ಲ. ಆದರೆ ಆ ಮೂಗಿಗೆ ಬಳಿಗೆ ತರುವ ಅಗತ್ಯವಾದರೂ ಏನಿತ್ತು? ಗಿಂಡಿ ಹಿಡಿದು ಆಕೆ ನನ್ನ ಮುಖವನ್ನು ಒಮ್ಮೆ ನೋಡಿದಳು. ತುಟಿಯ ಕೊನೆಯಲ್ಲಿ ಏನೋ ಮೂಡಿತು. ಆಮೇಲೆ ಹೊಯ್ದಳು, ಚಕ್ಕುಲಿ ಬಿಟ್ಟಳು.

ತೆಂಗಿನೆಣ್ಣೆಯ ಜೊತೆ ಬೇರೆ ಎಣ್ಣೆ ಕೂಡಿದರೆ ಕರಿಯುವಾಗ ನೊರೆಯೇಳುತ್ತದೆ ಎಂಬುದು ಕರಾವಳಿಯ ಮಕ್ಕಳಿಗೂ ಗೊತ್ತು ಎನ್ನುತ್ತಾರೆ. ನನಗೆ ಗೊತ್ತಿರಲಿಲ್ಲ, ಒಂದೇ ಎಣ್ಣೆಯಲ್ಲಿ ಬೆಳೆದ ಆಯಿಗೂ ಗೊತ್ತಿರಲಿಲ್ಲ. ನೊರೆ ಬುಸುಗುಟ್ಟಿ ಏರಿ, ಕಂಠ ದಾಟಿ, ಒಲೆಗೆ ಸುರಿಯಿತು. ಉರಿ ಸೂರಿನೆತ್ತರಕ್ಕೆ ಎದ್ದಿತು. ಗಣಪಣ್ಣ ಒದ್ದೆ ಗೋಣಿ ಎಸೆದು ಆರಿಸಿದ. ಆಯಿಯ ಎಡಗೈ ಮಣಿಕಟ್ಟಿನಿಂದ ಮೊಳಕೈವರೆಗೆ ಸುಟ್ಟಿತ್ತು. ಹೊಗೆಯಲ್ಲಿ ಎರಡು ಎಣ್ಣೆಗಳ ವಾಸನೆಯೂ ಬೇರೆ ಬೇರೆಯಾಗಿ, ಒಂದನ್ನೊಂದು ಒಪ್ಪದೆ, ನಿಂತಿತ್ತು.

"ಯಾರು ಹೊಯ್ದಿದ್ದು ಇದು?" ಎಂದಳು ದೊಡ್ಡತ್ತೆ.

"ನಾನೇ ಅತ್ತಿಗೆ. ಡಬ್ಬಿ ತಪ್ಪಿಹೋತು."

"ಒಂಬತ್ತು ವರ್ಷ ಇಲ್ಲಿ ಅನ್ನ ಉಂಡ್ರೂ ಹುಬ್ಳಿಯವಕ್ಕೆ ಎಣ್ಣೆ ಅಂದ್ರೆ ಎಲ್ಲ ಒಂದೇಯ. ಏಳು ಮಣೆಯಿಂದ."

ಆಯಿ ಎದ್ದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದೆ. ತಂದವಳು ನಾನು ಎಂದು ಹೇಳಲು ಎರಡು ಹೆಜ್ಜೆ ಸಾಕಿತ್ತು. ನಾನು ಆ ಹೆಜ್ಜೆಗಳನ್ನು ಇಡಲಿಲ್ಲ.

ಆ ವರ್ಷಕ್ಕೆ ಗಣಪಣ್ಣ 'ನೊರೆ ಚೌತಿ' ಎಂದು ಹೆಸರಿಟ್ಟ. ಕೇರಿಯಲ್ಲಿ ಅದು ಪಂಚಾಂಗದ ಸಂವತ್ಸರದಂತೆ ಉಳಿಯಿತು. "ನಮ್ಮನೆ ಮಾಣಿ ನೊರೆ ಚೌತಿಯ ಹಿಂದಿನ ವರ್ಷ ಹುಟ್ಟಿದ್ದು," ಎಂದು ಜನ ಆಯಿಯ ಎದುರಿಗೇ ಲೆಕ್ಕ ಹಾಕುತ್ತಿದ್ದರು. ಅಪ್ಪ ಹುಬ್ಬಳ್ಳಿಗೆ ಏನು ಪತ್ರ ಬರೆದನೋ, ಮರುವರ್ಷದಿಂದ ಡಬ್ಬಿ ಬರಲಿಲ್ಲ. ಅಜ್ಜ ಅದೇ ಮುನಿಸಿನಲ್ಲಿ ತೀರಿಕೊಂಡ. ಆಯಿಗೆ ಬಾಣಲೆಯ ಮಣೆ ಮತ್ತೆಂದೂ ಸಿಗಲಿಲ್ಲ. ಕಂಬಳದಲ್ಲಿ ಆಕೆ ತುದಿಯಲ್ಲಿ ಕುಳಿತು, ಸುಟ್ಟ ಕಲೆಯನ್ನು ಸೆರಗಿನಿಂದ ಮುಚ್ಚಿ, ಹಿಟ್ಟು ನಾದಿದಳು. ಮುಪ್ಪಿನಲ್ಲಿ ವೈದ್ಯರು ದೊಡ್ಡತ್ತೆಗೆ ತೆಂಗಿನೆಣ್ಣೆ ಬಿಡಿಸಿ ವಾಸನೆಯಿಲ್ಲದ ರಿಫೈನ್ಡ್ ಎಣ್ಣೆ ಹಿಡಿಸಿದಾಗ ನಾನು ಸಂತೋಷಪಟ್ಟೆ. ಆ ಸಂತೋಷಕ್ಕಾಗಿ ನಾಚುವುದಿಲ್ಲ. ಆದರೆ ಇಷ್ಟು ಜನರ ಇಷ್ಟು ಮಾತುಗಳನ್ನು ಅಕ್ಷರ ತಪ್ಪದೆ ನೆನಪಿಟ್ಟ ನಾನು, ನನ್ನ ಬಾಯಿಂದ ಹೊರಡದ ಆ ಒಂದು ಮಾತಿಗೆ ಯಾರನ್ನು ದೂರಲಿ?

ಆಯಿ ಕೊನೆಯ ಎರಡು ವರ್ಷ ಭಟ್ಕಳದಲ್ಲಿ, ಜಾಲಿ ಎಂಬ ಊರಿನ ದಾರಿಯಲ್ಲಿರುವ ನನ್ನ ಮನೆಯಲ್ಲಿದ್ದಳು. ಅಂದು ಆ ಎಣ್ಣೆಯನ್ನು ಬೇಕೆಂದೇ ತಂದದ್ದನ್ನು ಹೇಳಬೇಕೆಂದು ದಿನವೂ ನಿಶ್ಚಯಿಸುತ್ತಿದ್ದೆ. ಕೊನೆಗೆ ಹುಬ್ಬಳ್ಳಿಗೆ ಹೋಗುವವರಿಗೆ ಹೇಳಿ ಗಾಣದ ಶೇಂಗಾ ಎಣ್ಣೆಯ ಒಂದು ಬಾಟಲಿ ತರಿಸಿದೆ. ಒಂದು ಸಂಜೆ ಮೆಣಸಿನಕಾಯಿ ಬಜ್ಜಿ ಕರಿದೆ. ಅಜ್ಜನ ಖಾನಾವಳಿಯೇ ಮನೆಯೊಳಗೆ ಬಂದು ನಿಂತಂತಾಯಿತು. ಪಕ್ಕದ ಮನೆಯ ನವಾಯತಿ ಮುಸ್ಲಿಂ ಹೆಂಗಸು ಕಿಟಕಿಯಿಂದ ಎಂತ ಕರಿಯುತ್ತಿದ್ದೀರಿ ಎಂದು ಕೇಳಿದಳು. ವಾಸನೆ ತಾನಾಗಿ ಮಾತು ತೆಗೆಯುತ್ತದೆ, ಆಗ ನಾನು ಹೇಳುತ್ತೇನೆ, ಆ ಗಿಂಡಿಯನ್ನು ತಿಳಿದೇ ಹೊಯ್ದೆಯಾ ಎಂದು ಕೇಳುತ್ತೇನೆ ಎಂದುಕೊಂಡು ತಟ್ಟೆಯನ್ನು ಆಯಿಯ ಕೈಗಿತ್ತೆ.

ಆಯಿ ಬಜ್ಜಿಯನ್ನು ಮುರಿದಳು. ಮೂಗಿನ ಬಳಿ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

"ರಿಫೈನ್ಡ್ ಎಣ್ಣೆಯನೇ ಕೂಸೆ?" ಎಂದಳು. "ವಾಸನೆಯೇ ಇಲ್ಲೆ. ಈಗಿನ ಎಣ್ಣೆ ಎಲ್ಲ ಹಿಂಗೇಯ."

ಮನೆಯ ತುಂಬ ಆ ವಾಸನೆ ನಿಂತಿತ್ತು. ಆಕೆಯ ಸೆರಗಿಗೂ ಹತ್ತಿತ್ತು.

"ಹೌದು ಆಯಿ, ರಿಫೈನ್ಡು," ಎಂದೆ.

ಆಕೆ ಅರ್ಧ ತಿಂದು ತಟ್ಟೆ ಕೆಳಗಿಟ್ಟಳು. ಆ ಪುಷ್ಯ ಮಾಸದಲ್ಲಿ ತೀರಿಕೊಂಡಳು.

ಉಳಿದ ಎಣ್ಣೆ ಇನ್ನೂ ಬಾಟಲಿಯಲ್ಲಿದೆ. ಕಮಟುಹಿಡಿದು, ತಳದಲ್ಲಿ ಗಸಿ ಕಟ್ಟಿದೆ. ಮೊನ್ನೆ ಕೆಲಸದ ಹೆಂಗಸು ಅದನ್ನೆತ್ತಿ ತೋರಿಸಿ, "ಅಮ್ಮಾ, ಇದು ಇನ್ನೆಂತಕ್ಕೂ ಬರೂದಿಲ್ಲ. ಮುಂಬಾಗ್ಲು ಕಿರುಗುಡ್ತದೆ, ಬಿಜಾಗರಿಗಾದ್ರೂ ಹಾಕ್ಲಾ?" ಎಂದು ಕೇಳಿದಳು. ನಾನು ಬಾಟಲಿಯನ್ನು ಅವಳ ಕೈಯಿಂದ ಇಸಿದುಕೊಂಡು ಇದ್ದಲ್ಲಿಯೇ ಇಟ್ಟೆ. ಬಾಗಿಲು ಕಿರುಗುಟ್ಟುತ್ತದೆ. ಕಿರುಗುಟ್ಟಲಿ.