ಮೊದಲು ಕಾಸು, ಆಮೇಲೆ ಇಸ್ತ್ರಿ

ವಿಮಾನ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಇಸ್ತ್ರಿ ಅಕ್ಕನ ಅಂಗಡಿ. ಅಂಗಡಿ ಅಂದರೆ ಒಂದು ಮೇಜು, ಒಂದು ಇಸ್ತ್ರಿಪೆಟ್ಟಿಗೆ, ಗೋಡೆಗೆ ಮೂರು ಹಲಗೆ. ಮೂವತ್ತು ವರ್ಷ ಅವಳದು ಒಂದೇ ಕಟ್ಟುಪಾಡು: ಮೊದಲು ಕಾಸು, ಆಮೇಲೆ ಇಸ್ತ್ರಿ. ಯಾರೇ ಬರಲಿ, ದುಡ್ಡು ಮೇಜಿನ ಮೇಲೆ ಬೀಳದೆ ಬಟ್ಟೆಯ ಗಂಟು ಬಿಚ್ಚುತ್ತಿರಲಿಲ್ಲ. ಹಾಗೆಯೇ ಒಬ್ಬರ ಕರವಸ್ತ್ರವೂ ಅವಳ ಕೈಯಲ್ಲಿ ಕಳೆದದ್ದಿಲ್ಲ. ಎಂದೋ ತೀರಿಹೋದ ಮೇಷ್ಟ್ರೊಬ್ಬರ ಎರಡು ಪ್ಯಾಂಟು ಕಾಗದ ಸುತ್ತಿಕೊಂಡು ಮೇಲಿನ ಹಲಗೆಯಲ್ಲಿ ಇವತ್ತಿಗೂ ಕೂತಿವೆ. "ಕಾಸು ಇಸ್ಕೊಂಡಾಯ್ತಲ್ಲ, ಅದು ಅವರ ಬಟ್ಟೆ" ಅನ್ನುತ್ತಾಳೆ.

ವಿಮಾನದವರ ವ್ಯವಹಾರ ಬಿದ್ದದ್ದು ಪೇಪರಿನವರಿಗಿಂತ ಮೊದಲೇ ಅವಳಿಗೆ ಗೊತ್ತಾಗಿತ್ತು. ವಾರಕ್ಕೆ ಅರವತ್ತು ಬರುತ್ತಿದ್ದ ಪೈಲಟ್‌ಗಳ ಬಿಳಿ ಅಂಗಿ ನಲವತ್ತಾಯಿತು, ಹತ್ತಾಯಿತು. ಭುಜಕ್ಕೆ ಎರಡು ಪಟ್ಟಿಯ ಕಿರಿಯರು ಮೊದಲು ಮಾಯವಾದರು, ಆಮೇಲೆ ನಾಲ್ಕು ಪಟ್ಟಿಯ ಕ್ಯಾಪ್ಟನ್ನರು.

ಅಂಥ ಹೊತ್ತಿನಲ್ಲೇ ಮಗಳು ಪೈಲಟ್ ಆಗುತ್ತೇನೆಂದು ಹಟ ಹಿಡಿದಳು. ಚಿಕ್ಕಂದಿನಿಂದ ಆ ಅಂಗಿಗಳಿಗೆ ಗುಂಡಿ ಹಾಕಿ ಮಡಿಸುತ್ತ ಬೆಳೆದವಳು. ಒಂದು ದಿನ ತಾನೂ ತೊಡಬೇಕು ಅನ್ನಿಸದೆ ಇರುತ್ತದೆಯೇ?

"ಈಗ್ಲೇ ಸೇರ್ಬೇಕಮ್ಮ. ಕಲಿಯೋಕೆ ಎರಡು ವರ್ಷ ಬೇಕು. ಅಷ್ಟೊತ್ತಿಗೆ ಕಾಲ ಸುಧಾರಿಸುತ್ತೆ, ಕೆಲಸಕ್ಕೆ ಕರೆದಾಗ ನಾನೇ ಮುಂದಿರ್ತೀನಿ."

ಮಾತೇನೋ ಸರಿಯಾಗಿಯೇ ಇತ್ತು. ಹಾರಾಟ ಕಲಿಸುವ ಶಾಲೆಯ ಮ್ಯಾನೇಜರು ಇಸ್ತ್ರಿ ಅಕ್ಕನನ್ನು ಕುರ್ಚಿ ಎಳೆದು ಕೂರಿಸಿ, ಕಲಿಯಲು ಬೇಕಾದ ಇನ್ನೂರು ಗಂಟೆ ಹಾರಾಟದ ದುಡ್ಡನ್ನೆಲ್ಲ ಒಟ್ಟಿಗೆ ಕಟ್ಟಿದರೆ ಕಾಲು ಭಾಗ ಬಿಡುತ್ತೇವೆ ಅಂದ. ಅವನ ಅಂಗಿಯೂ ಬೆಳ್ಳಗಿತ್ತು. ಬೆಳ್ಳಗಿದ್ದದ್ದೆಲ್ಲ ಹಾಲೆಂದುಕೊಂಡಳು.

ಕೆಲಸ ಹೋದರೂ ಕ್ಯಾಪ್ಟನ್ ಒಬ್ಬ ಸಂದರ್ಶನಗಳಿಗೆಂದು ಇದ್ದೊಂದು ಅಂಗಿ ತರುತ್ತಿದ್ದ. ಅವನು ಹೇಳಿ ನೋಡಿದ. "ಅಕ್ಕ, ಹಾರಿದಷ್ಟು ಗಂಟೆಗೆ ಮಾತ್ರ ಕಟ್ಟಿ. ಯಾರ ಬಾಗಿಲು ಯಾವತ್ತು ಮುಚ್ಚುತ್ತೋ."

"ನೀವು ನನಗೆ ಮೊದ್ಲೇ ಕೊಡ್ತೀರಲ್ಲ ಸ್ವಾಮಿ, ಅಂಗಿ ಎತ್ಕೊಂಡು ಓಡಿಹೋದ್ನಾ?"

"ಎಲ್ರೂ ನಿಮ್ಮ ಹಾಗೆ ಇರಲ್ಲ."

"ಕೆಲಸ ಹೋದೋರಿಗೆ ಊರೆಲ್ಲ ಕಳ್ಳರೇ ಕಾಣ್ತಾರೆ ಬಿಡಿ."

ಅವನು ಕಾಸು ಮೇಜಿನ ಮೇಲಿಟ್ಟು ಹೋದ.

ಗಂಡ ಕಟ್ಟಿಸಿಟ್ಟಿದ್ದ ಎರಡು ಕೋಣೆಯ ಮನೆ ಮಾರಿ ದುಡ್ಡೆಲ್ಲ ಒಟ್ಟಿಗೆ ಕಟ್ಟಿದಳು. ತಾಯಿ ಮಗಳು ಅಂಗಡಿಯ ಹಿಂದಿನ ಗೂಡಿಗೆ ಬಂದರು. ಮಗಳು ಹಾರಿದಳು. ಹತ್ತು ಗಂಟೆ, ಮೂವತ್ತು ಗಂಟೆ, ಅರವತ್ತೆರಡು ಗಂಟೆ. ಅರವತ್ತಮೂರನೆಯದಕ್ಕೆ ಹೋದ ಬೆಳಿಗ್ಗೆ ಗೇಟಿಗೆ ಬೀಗ. ಇದ್ದ ಎರಡು ವಿಮಾನವೂ ಬಾಡಿಗೆಯವಂತೆ, ಅವುಗಳ ಧಣಿ ಒಯ್ದಿದ್ದ. ಮ್ಯಾನೇಜರ ಫೋನು ಬಾಯಿ ಬಿಡಲಿಲ್ಲ. ಮನೆ ಮಾರಿದ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಿದ್ದವನು ತಲೆಯೆತ್ತಿ ಕೇಳಿದ. "ಅಲ್ಲಮ್ಮ, ಯಾರಾದ್ರೂ ಕೆಲಸಕ್ಕೆ ಮುಂಚೆ ಪೂರ್ತಿ ದುಡ್ಡು ಕೊಡ್ತಾರಾ?"

"ನನಗೆ ಎಲ್ರೂ ಕೊಡ್ತಾರೆ" ಅಂದಳು ಇಸ್ತ್ರಿ ಅಕ್ಕ.

ಮೂರು ವರ್ಷಕ್ಕೆ ಕಾಲ ಸುಧಾರಿಸಿತು, ಮಗಳು ಹೇಳಿದ್ದಕ್ಕಿಂತ ಒಂದು ವರ್ಷ ತಡವಾಗಿ. ಬಿಳಿ ಅಂಗಿಗಳು ಮತ್ತೆ ರಾಶಿ ಬಿದ್ದವು. ಹಳೆಯ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೊದಲಿನಿಂದ ಕಲಿಯಬೇಕು ಅಂದರು ಬೇರೆ ಶಾಲೆಯವರು. ಮಾರಲು ಇನ್ನೊಂದು ಮನೆ ಎಲ್ಲಿತ್ತು? ಮಗಳು ನಿಲ್ದಾಣದಲ್ಲಿ ಪ್ರಯಾಣಿಕರ ಪೆಟ್ಟಿಗೆ ತೂಗುವ ಕೆಲಸಕ್ಕೆ ಸೇರಿದಳು.

ಒಂದು ದಿನ ಕ್ಯಾಪ್ಟನ್ ಆರು ಅಂಗಿ ತಂದು ಅಭ್ಯಾಸದಂತೆ ಕಾಸು ಇಟ್ಟ. ಅವಳು ಹಿಂದಕ್ಕೆ ತಳ್ಳಿದಳು.

"ಬಟ್ಟೆ ಕೈಗೆ ಬಂದ ಮೇಲೆ ಕೊಡಿ."

"ಇದ್ಯಾವಾಗಿಂದ ಅಕ್ಕ?"

"ಆ ಮ್ಯಾನೇಜರೂ ಮೊದ್ಲೇ ಇಸ್ಕೊಂಡ, ನಾನೂ ಮೊದ್ಲೇ ಇಸ್ಕೋತಿದ್ದೆ. ಅವನ ಸಾಲಲ್ಲಿ ನಾನು ನಿಲ್ಲಲ್ಲ." ಆಮೇಲೆ, ಅಂಗಿಯ ಕಾಲರು ನೋಡುತ್ತ ಅಂದಳು, "ಅವತ್ತು ನಿಮಗೆ ಒಂದು ಮಾತು ಅಂದಿದ್ದೆ."

"ನೆನಪಿಲ್ಲ ಬಿಡಿ" ಅಂದ. ನೆನಪಿತ್ತು.

ಈಗ ವಾರಕ್ಕೆ ಇಬ್ಬರಾದರೂ ಬಟ್ಟೆ ಬಗಲಿಗಿಟ್ಟು ನಾಳೆ ಕೊಡುತ್ತೇನೆಂದು ಹೋಗುತ್ತಾರೆ. ಅವರ ನಾಳೆ ಬರುವುದಿಲ್ಲ. ಕೆಲಸದಿಂದ ಬಂದ ಮಗಳು ಬಾಗಿಲಲ್ಲೇ ನಿಂತು ಅದನ್ನು ನೋಡುತ್ತಾಳೆ.

"ಆ ಮ್ಯಾನೇಜರಿಗೆ ಕಟ್ಟಿದ್ದು ಸಾಲ್ದೇನಮ್ಮ? ಇವರಿಗೂ ಕಟ್ತಿದೀಯಲ್ಲ."

ಇಸ್ತ್ರಿ ಅಕ್ಕ ಮುಂದಿನ ಅಂಗಿಗೆ ನೀರು ಚಿಮುಕಿಸುತ್ತಾಳೆ.